ಓದುಗರ ಪ್ರಶ್ನೆ: ಕಾಯಂ ಕೆಲಸ ಬಿಟ್ಟು ಸ್ಟಾರ್ಟಪ್ ಸೇರುವ ಮುನ್ನ

ಕೈತುಂಬ ಸಂಬಳದ ಕೆಲಸ ಬಿಟ್ಟು ಈಗಷ್ಟೇ ಕಣ್ಣುಬಿಟ್ಟ ಕಂಪನಿಗೆ ಹೋಗಬಹುದೇ ಎಂದು ಕೇಳುವ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಬಹುತೇಕ ಎಲ್ಲರೂ ಧೈರ್ಯ ಸಾಕೇ ಎಂದು ಕೇಳಿದ್ದಾರೆ. ನಮ್ಮ ಉತ್ತರಗಳು ಮಾತ್ರ ಕಾಗದಪತ್ರ ಮತ್ತು ಲೆಕ್ಕದ ಸುತ್ತಲೇ ಇವೆ, ಏಕೆಂದರೆ ಜನ ಪೆಟ್ಟು ತಿನ್ನುವುದು ಅಲ್ಲೇ.

ಪ್ರಶ್ನೆ: ನನಗೆ 33 ವರ್ಷ. ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಟು ವರ್ಷದಿಂದ ಇದ್ದೇನೆ. ಕೈಗೆ ತಿಂಗಳಿಗೆ 1.35 ಲಕ್ಷ ರೂಪಾಯಿ ಬರುತ್ತದೆ. ಮನೆ ಸಾಲದ ಕಂತು 42,000, ಮನೆ ಖರ್ಚು ಸುಮಾರು 45,000. ಪತ್ನಿ ಸದ್ಯ ಕೆಲಸಕ್ಕೆ ಹೋಗುತ್ತಿಲ್ಲ, ಮಗುವಿಗೆ ಮೂರು ವರ್ಷ. ಬ್ಯಾಂಕಿನಲ್ಲಿ ಆರು ಲಕ್ಷ ಉಳಿತಾಯವಿದೆ. ಒಂಬತ್ತು ಜನರಿರುವ ಸ್ಟಾರ್ಟಪ್ ಒಂದು ಕೈಗೆ 95,000 ಸಂಬಳ ಮತ್ತು ಸ್ವಲ್ಪ ಇಸಾಪ್ (ನಿಗದಿತ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು) ಕೊಡುತ್ತೇವೆ ಎನ್ನುತ್ತಿದೆ. ಎಂಟು ತಿಂಗಳ ಹಿಂದೆ ಅವರಿಗೆ ಮೂರು ಕೋಟಿ ಹೂಡಿಕೆ ಬಂದಿದೆಯಂತೆ. ಹೋಗಲೇ?
ಓದುಗರು, ರಾಜರಾಜೇಶ್ವರಿ ನಗರ, ಬೆಂಗಳೂರು

ಉತ್ತರ: ಈ ಸಂಬಳಕ್ಕೆ ಬೇಡ. 95,000ದಲ್ಲಿ ಕಂತು ಮತ್ತು ಖರ್ಚು ಕಳೆದರೆ ಉಳಿಯುವುದು 8,000. ಮಗುವಿನ ಶಾಲೆಯ ಮೊದಲ ಶುಲ್ಕ ಕಟ್ಟಿದ ತಿಂಗಳೇ ನೀವು ಉಳಿತಾಯಕ್ಕೆ ಕೈ ಹಾಕುತ್ತೀರಿ. ಸಂಬಳ ನಿಂತರೆ ನಿಮ್ಮ ಆರು ಲಕ್ಷ ಏಳು ತಿಂಗಳೂ ಪೂರ್ತಿ ಬರುವುದಿಲ್ಲ. ಹೋಗಲೇಬೇಕೆಂದಿದ್ದರೆ ಎರಡು ದಾರಿಗಳಿವೆ. ಇಸಾಪ್ ಕಡಿಮೆ ಮಾಡಿ ಕೈಗೆ 1.15 ಲಕ್ಷ ಕೊಡಿ ಎಂದು ಕೇಳಬಹುದು. ಇಲ್ಲವೇ ಈಗಿನ ಕೆಲಸದಲ್ಲೇ ಇನ್ನೂ ಏಳೆಂಟು ತಿಂಗಳಿದ್ದು ಉಳಿತಾಯವನ್ನು ಹತ್ತು ಲಕ್ಷದ ಆಸುಪಾಸಿಗೆ ತರಬಹುದು. ಪಿಎಫ್ ಹಣವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಆರಂಭದ ಹಂತದ ಸ್ಟಾರ್ಟಪ್‌ಗಳಲ್ಲಿ ಸಂಬಳ ಮತ್ತು ಪಾಲನ್ನು ಒಂದಕ್ಕೊಂದು ಹೊಂದಿಸಿಕೊಡುವುದು ಮಾಮೂಲಿ, ಹಾಗಾಗಿ ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಆ ಮೂರು ಕೋಟಿಯ ವಿಚಾರ. ಎಷ್ಟು ಬಂತು ಎನ್ನುವುದಕ್ಕಿಂತ ಇವತ್ತು ಖಾತೆಯಲ್ಲಿ ಎಷ್ಟಿದೆ, ತಿಂಗಳಿಗೆ ಎಷ್ಟು ಕರಗುತ್ತಿದೆ ಎನ್ನುವುದು ಮುಖ್ಯ. ಉದಾಹರಣೆಗೆ, ಖಾತೆಯಲ್ಲಿ 1.6 ಕೋಟಿ ಇದೆ, ತಿಂಗಳ ಖರ್ಚು 22 ಲಕ್ಷ, ಗ್ರಾಹಕರಿಂದ ಬರುವುದು 6 ಲಕ್ಷ ಎಂದುಕೊಳ್ಳಿ. ತಿಂಗಳಿಗೆ 16 ಲಕ್ಷ ಕರಗುತ್ತದೆ, ಹಣ ಹತ್ತು ತಿಂಗಳು ಬರುತ್ತದೆ. ಆದರೆ ಮುಂದಿನ ಹೂಡಿಕೆ ಎತ್ತುವುದಕ್ಕೇ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಆ ಹೊತ್ತಿಗೆ ತೋರಿಸಲು ಒಳ್ಳೆಯ ಅಂಕಿಗಳಿಲ್ಲದಿದ್ದರೆ ಮೊದಲು ಕತ್ತರಿ ಬೀಳುವುದು ಹೊಸದಾಗಿ ಸೇರಿದವರ ಮೇಲೆ. ಹಾಗಾಗಿ ಹತ್ತು ತಿಂಗಳು ಎಂದರೆ ನೆಮ್ಮದಿಯ ಅವಧಿ ಐದೇ ತಿಂಗಳು. ಹನ್ನೆರಡು ತಿಂಗಳಿಗಿಂತ ಕಡಿಮೆ ಹಣವಿರುವ ಕಡೆ, ಗೃಹಸಾಲ ಹೊತ್ತ ಒಬ್ಬರೇ ದುಡಿಯುವ ಕುಟುಂಬದವರು ಸೇರುವುದು ನಮಗೆ ಸರಿ ಕಾಣುವುದಿಲ್ಲ.

ಸಂಸ್ಥಾಪಕರನ್ನು ನೇರವಾಗಿ ಕೇಳಿ: ಖಾತೆಯಲ್ಲಿ ಎಷ್ಟಿದೆ? ಕಳೆದ ಮೂರು ತಿಂಗಳು ತಿಂಗಳಿಗೆ ಎಷ್ಟು ಖರ್ಚಾಯಿತು? ಘೋಷಿಸಿದ ಮೂರು ಕೋಟಿ ಪೂರ್ತಿ ಕೈಸೇರಿದೆಯೇ, ಅಥವಾ ಗುರಿ ಮುಟ್ಟಿದಂತೆ ಕಂತಿನಲ್ಲಿ ಬರುವುದೇ? ಸಂಬಳ ಯಾವ ತಿಂಗಳಾದರೂ ತಡವಾಗಿತ್ತೇ? ವಿಷಯ ಗುಟ್ಟಾಗಿಡುವ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಈ ಅಂಕಿಗಳನ್ನು ಹೇಳಿದರೆ ಅದು ಒಳ್ಳೆಯ ಲಕ್ಷಣ. "ಅದೆಲ್ಲ ನಿಮಗ್ಯಾಕೆ, ಕನಸು ನೋಡಿ" ಎನ್ನುವವರಲ್ಲಿ ಸೇರಬೇಡಿ.

ಅವರು ಹೇಳಿದ್ದನ್ನು ಸ್ವಲ್ಪಮಟ್ಟಿಗೆ ನೀವೇ ತಾಳೆ ನೋಡಬಹುದು. ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಜಾಲತಾಣದಲ್ಲಿ ಕಂಪನಿ ನೋಂದಣಿಯಾದ ದಿನ, ನಿರ್ದೇಶಕರು, ಪಾವತಿಯಾದ ಬಂಡವಾಳ, ಕಂಪನಿಯ ಆಸ್ತಿಯ ಮೇಲಿನ ಸಾಲ ಇವೆಲ್ಲ ಉಚಿತವಾಗಿ ಸಿಗುತ್ತವೆ. ನೂರು ರೂಪಾಯಿ ಶುಲ್ಕ ಕಟ್ಟಿದರೆ ಕಂಪನಿ ಸಲ್ಲಿಸಿದ ದಾಖಲೆಗಳನ್ನೂ ನೋಡಬಹುದು. ಎಒಸಿ-4ರಲ್ಲಿ ಲಾಭನಷ್ಟದ ಲೆಕ್ಕ ಇರುತ್ತದೆ. ಪಿಎಎಸ್-3ರಲ್ಲಿ ಹೂಡಿಕೆದಾರರಿಗೆ ಎಷ್ಟು ಷೇರು, ಯಾವ ಬೆಲೆಗೆ ಹಂಚಿದರು ಎಂಬುದು ಇರುತ್ತದೆ. ಮೂರು ಕೋಟಿ ನಿಜಕ್ಕೂ ಬಂದಿದ್ದರೆ ಪಿಎಎಸ್-3ರಲ್ಲಿ ಅದರ ಗುರುತು ಸಿಗಬೇಕು. ಹೂಡಿಕೆ ಇನ್ನೂ ಷೇರಾಗಿ ಬದಲಾಗದ ಸಾಲಪತ್ರದ (ಕನ್ವರ್ಟಿಬಲ್ ನೋಟ್) ರೂಪದಲ್ಲಿದ್ದರೆ ಸಿಗದೆಯೂ ಇರಬಹುದು, ಆಗ ಅವರನ್ನೇ ವಿವರ ಕೇಳಿ. ಇನ್ನೊಂದು ಮಾತು: ಸಂಸ್ಥೆ ಪ್ರೈವೇಟ್ ಲಿಮಿಟೆಡ್ ಆಗಿರದೆ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿದ್ದರೆ ಅಲ್ಲಿ ಷೇರುಗಳೇ ಇರುವುದಿಲ್ಲ. ಇಸಾಪ್ ಕೊಡುತ್ತೇವೆ ಎಂಬ ಮಾತಿಗೆ ಆಗ ಅರ್ಥವೇ ಇಲ್ಲ.

ಬೇರೆ ಸಾಲ ಮಾಡುವ ಅಥವಾ ಈಗಿರುವ ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸುವ ಯೋಚನೆಯಿದ್ದರೆ ರಾಜೀನಾಮೆಗೆ ಮುಂಚೆಯೇ ಮುಗಿಸಿ. ಹೆಸರು ಗೊತ್ತಿಲ್ಲದ ಕಂಪನಿಯ ಸಂಬಳದ ಚೀಟಿ ಹಿಡಿದು ಹೋದವರಿಗೆ ಬ್ಯಾಂಕಿನವರು ನೂರೆಂಟು ಪ್ರಶ್ನೆ ಕೇಳುತ್ತಾರೆ.

ಪ್ರಶ್ನೆ: ನನಗೆ ಬಂದಿರುವ ಆಫರ್ ಲೆಟರ್‌ನಲ್ಲಿ 25,000 ಇಸಾಪ್, ನಾಲ್ಕು ವರ್ಷದ ವೆಸ್ಟಿಂಗ್ (ಹಂತಹಂತವಾಗಿ ಕೈಸೇರುವುದು), ಎಕ್ಸರ್‌ಸೈಸ್ ಬೆಲೆ (ಷೇರು ಕೊಳ್ಳುವಾಗ ನಾನು ಕೊಡಬೇಕಾದದ್ದು) 10 ರೂಪಾಯಿ ಎಂದಿದೆ. ಇದರ ಬೆಲೆ ಎಷ್ಟು ಎಂದು ತಿಳಿಯುತ್ತಿಲ್ಲ. ಎರಡು ವರ್ಷಕ್ಕೆ ಬಿಟ್ಟರೆ ನನಗೇನು ಸಿಗುತ್ತದೆ?
ಓದುಗರು, ಮೈಸೂರು

ಉತ್ತರ: 25,000 ಎಂಬ ಸಂಖ್ಯೆ ಒಂದರಿಂದಲೇ ಏನೂ ಗೊತ್ತಾಗುವುದಿಲ್ಲ. ಕಂಪನಿಯ ಒಟ್ಟು ಷೇರು ಒಂದು ಕೋಟಿಯಾಗಿದ್ದರೆ ನಿಮ್ಮ ಪಾಲು ಶೇ 0.25. ಹತ್ತು ಕೋಟಿಯಾಗಿದ್ದರೆ ಶೇ 0.025. ಒಟ್ಟು ಎಂದರೆ ಈಗ ಹಂಚಿರುವ ಷೇರುಗಳ ಜೊತೆಗೆ ಹೂಡಿಕೆದಾರರ ಪರಿವರ್ತನೀಯ ಷೇರು ಮತ್ತು ಇಡೀ ಇಸಾಪ್ ನಿಧಿಯನ್ನೂ ಸೇರಿಸಿದ ಸಂಖ್ಯೆ. "ಫುಲ್ಲಿ ಡೈಲ್ಯೂಟೆಡ್ ಆಗಿ ನನ್ನದು ಶೇಕಡಾ ಎಷ್ಟು" ಎಂದು ಇದೇ ಪದದಲ್ಲಿ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ನಿಮ್ಮದು ಶೇ 0.25 ಎಂದೇ ಇಟ್ಟುಕೊಳ್ಳೋಣ. ಮುಂದೆ ಎರಡು ಸುತ್ತು ಹೂಡಿಕೆ ಬಂದು, ಪ್ರತಿ ಸುತ್ತಿನಲ್ಲೂ ಶೇ 20ರಷ್ಟು ಹೊಸ ಪಾಲು ಹೊರಗಿನವರಿಗೆ ಹೋದರೆ ನಿಮ್ಮದು ಶೇ 0.16ಕ್ಕೆ ಇಳಿಯುತ್ತದೆ. ಕಂಪನಿ 200 ಕೋಟಿಗೆ ಮಾರಾಟವಾಗಿ, ಅಷ್ಟೂ ಆಪ್ಷನ್ ನಿಮ್ಮ ಕೈಗೆ ಬಂದಿದ್ದರೆ ನಿಮ್ಮ ಪಾಲು 32 ಲಕ್ಷ, ಷೇರು ಕೊಳ್ಳಲು ಕೊಡಬೇಕಾದ 2.5 ಲಕ್ಷ ಕಳೆದರೆ 29.5 ಲಕ್ಷ. ಕೇಳಲು ಚೆನ್ನಾಗಿದೆ. ಅದೇ ಕಂಪನಿ 50 ಕೋಟಿಗೆ ಮಾರಾಟವಾಯಿತು, ಹೂಡಿಕೆದಾರರು ಅಷ್ಟರಲ್ಲಿ 45 ಕೋಟಿ ಹಾಕಿದ್ದರು ಎಂದುಕೊಳ್ಳಿ. ತಮ್ಮ ಹಣ ಮೊದಲು ವಾಪಸ್ ಬರಬೇಕು ಎಂಬ ಷರತ್ತು ಅವರ ಒಪ್ಪಂದದಲ್ಲಿ ಸಾಮಾನ್ಯವಾಗಿ ಇರುತ್ತದೆ. ಉಳಿದ 5 ಕೋಟಿ ಸಂಸ್ಥಾಪಕರು ಮತ್ತು ನೌಕರರಿಗೆ. ಅವರೆಲ್ಲರ ಒಟ್ಟು ಪಾಲು ಶೇ 55 ಇದ್ದರೆ ನಿಮ್ಮ ಪಾಲಿಗೆ ಬರುವುದು ಸುಮಾರು 1.45 ಲಕ್ಷ, ಷೇರು ಕೊಳ್ಳಲು ಕೊಡಬೇಕಾದ 2.5 ಲಕ್ಷಕ್ಕಿಂತಲೂ ಕಡಿಮೆ. ಪತ್ರಿಕೆಗಳಲ್ಲಿ "50 ಕೋಟಿಗೆ ಮಾರಾಟ" ಎಂದು ಓದಿದ ನೆಂಟರಿಷ್ಟರು ನಿಮ್ಮನ್ನು ಶ್ರೀಮಂತರೆಂದೇ ತಿಳಿದಿರುತ್ತಾರೆ. ಹಾಗಾಗಿ ಮನೆಯ ಲೆಕ್ಕದಲ್ಲಿ ಇಸಾಪ್‌ಗೆ ಸೊನ್ನೆ ಬರೆಯಿರಿ.

ಇನ್ನು ಎರಡು ವರ್ಷಕ್ಕೆ ಬಿಟ್ಟರೆ ಏನು ಎಂಬುದು. ಆಪ್ಷನ್ ಎಂದರೆ ಷೇರಲ್ಲ, ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು. ಸಾಮಾನ್ಯ ಪದ್ಧತಿಯಲ್ಲಿ ಮೊದಲ ಒಂದು ವರ್ಷ ಏನೂ ಕೈಸೇರುವುದಿಲ್ಲ. ವರ್ಷ ತುಂಬಿದ ದಿನ ಕಾಲುಭಾಗ, ಆಮೇಲೆ ತಿಂಗಳಿಗೋ ಮೂರು ತಿಂಗಳಿಗೋ ಇಷ್ಟಿಷ್ಟು. ಎರಡು ವರ್ಷಕ್ಕೆ ನಿಮ್ಮದು 12,500. ಹನ್ನೊಂದನೇ ತಿಂಗಳಲ್ಲಿ ಬಿಟ್ಟರೆ ಸೊನ್ನೆ.

ಕೆಲಸ ಬಿಟ್ಟ ಮೇಲೆ ಆ 12,500 ಷೇರು ಕೊಳ್ಳಲು ಬಹಳ ಕಂಪನಿಗಳು 90 ದಿನ ಮಾತ್ರ ಕೊಡುತ್ತವೆ. ಆ ಹೊತ್ತಿಗೆ ಮರ್ಚೆಂಟ್ ಬ್ಯಾಂಕರ್ ಕಟ್ಟಿದ ಷೇರಿನ ನ್ಯಾಯಬೆಲೆ 210 ರೂಪಾಯಿ ಆಗಿದ್ದರೆ ಲೆಕ್ಕ ಹೀಗೆ: ಷೇರಿಗೆ ನೀವು ಕೊಡಬೇಕಾದದ್ದು 1.25 ಲಕ್ಷ. ಬೆಲೆಯ ವ್ಯತ್ಯಾಸ 200 ರೂಪಾಯಿಯಂತೆ 25 ಲಕ್ಷ, ಇದು ಸಂಬಳದ ಆದಾಯಕ್ಕೆ ಸೇರುತ್ತದೆ. ನೀವು ಶೇ 30ರ ಹಂತದಲ್ಲಿದ್ದರೆ ಸೆಸ್ ಸೇರಿ ತೆರಿಗೆ 7.8 ಲಕ್ಷ. ಒಟ್ಟು 9 ಲಕ್ಷಕ್ಕೂ ಹೆಚ್ಚು ನಗದು ಕೈಬಿಟ್ಟು ಹೋಗುತ್ತದೆ. ಬದಲಿಗೆ ಸಿಗುವುದು ಮಾರಲು ಮಾರುಕಟ್ಟೆಯೇ ಇಲ್ಲದ ಷೇರು. ಬಹಳ ಜನ ಈ ಘಟ್ಟದಲ್ಲಿ ಎಲ್ಲವನ್ನೂ ಬಿಟ್ಟು ಬರುತ್ತಾರೆ.

"ಸ್ಟಾರ್ಟಪ್ ನೌಕರರಿಗೆ ಈ ತೆರಿಗೆ ಮುಂದೂಡಿಕೆ ಇದೆಯಲ್ಲ" ಎಂದು ಯಾರಾದರೂ ಹೇಳಬಹುದು. 2020ರ ಬಜೆಟ್‌ನಲ್ಲಿ ಬಂದ ಆ ಸೌಲಭ್ಯ ಎಲ್ಲ ಸ್ಟಾರ್ಟಪ್‌ಗಳಿಗೂ ಇಲ್ಲ. ಡಿಪಿಐಐಟಿ (ಸ್ಟಾರ್ಟಪ್‌ಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಇಲಾಖೆ) ಮಾನ್ಯತೆ ಇದ್ದರಷ್ಟೇ ಸಾಲದು, 80-ಐಎಸಿ ಎಂದು ಹೆಸರಾದ ತೆರಿಗೆ ವಿನಾಯಿತಿಗೆ ಅಂತರ-ಸಚಿವಾಲಯ ಮಂಡಳಿಯ ಪ್ರಮಾಣಪತ್ರವೂ ಇರಬೇಕು. ಇದ್ದರೂ ಮುಂದೂಡಿಕೆ ಸುಮಾರು ಐದು ವರ್ಷ, ಷೇರು ಮಾರಿದ ದಿನ, ಕೆಲಸ ಬಿಟ್ಟ ದಿನ ಈ ಮೂರರಲ್ಲಿ ಯಾವುದು ಮೊದಲೋ ಅಲ್ಲಿಗೆ ಮುಗಿಯುತ್ತದೆ. ಅಂದರೆ ಕೆಲಸ ಬಿಡುವವರಿಗೆ ಅದರಿಂದ ಪ್ರಯೋಜನವಿಲ್ಲ.

ಆದ್ದರಿಂದ ಸಹಿ ಹಾಕುವ ಮುನ್ನ ನೀವು ಜಗ್ಗಾಡಬೇಕಾದದ್ದು ಆ 90 ದಿನಕ್ಕಾಗಿ. ಅದನ್ನು ಐದು ವರ್ಷ ಮಾಡಿಸಿಕೊಳ್ಳಿ. ಕಂಪನಿಗೆ ಇದರಿಂದ ನಗದು ಖರ್ಚಿಲ್ಲ, ಒಪ್ಪುವ ಸಂಸ್ಥಾಪಕರಿದ್ದಾರೆ. ನಮ್ಮ ಲೆಕ್ಕದಲ್ಲಿ ಐದು ಸಾವಿರ ಆಪ್ಷನ್ ಹೆಚ್ಚು ಕೇಳುವುದಕ್ಕಿಂತ ಇದು ಮೇಲು. ಕೆಲಸದಿಂದ ತೆಗೆದರೆ ವೆಸ್ಟ್ ಆದದ್ದೂ ರದ್ದಾಗುತ್ತದೆಯೇ ಎಂಬುದನ್ನೂ ಸ್ಕೀಮ್ ದಾಖಲೆಯಲ್ಲಿ ಹುಡುಕಿ ಓದಿ.

ಕಡೆಯದಾಗಿ, ಆಫರ್ ಲೆಟರ್‌ನಲ್ಲಿ ಬರೆದ ಮಾತ್ರಕ್ಕೆ ಇಸಾಪ್ ಸಿಕ್ಕಂತಲ್ಲ. ಷೇರುದಾರರು ನಿರ್ಣಯ ಮಾಡಿ ಸ್ಕೀಮ್ ಒಪ್ಪಿರಬೇಕು, ನಿಮ್ಮ ಹೆಸರಿಗೆ ಗ್ರಾಂಟ್ ಲೆಟರ್ (ಆಪ್ಷನ್ ಕೊಟ್ಟಿದ್ದೇವೆ ಎಂಬ ಪತ್ರ) ಬರಬೇಕು. ಗ್ರಾಂಟ್ ಆದ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ವೆಸ್ಟ್ ಆಗುವಂತಿಲ್ಲ ಎಂದು ಕಂಪನಿ ಕಾನೂನಿನ ನಿಯಮ ಹೇಳುತ್ತದೆ. ಸೇರಿ ಎಂಟು ತಿಂಗಳಾದ ಮೇಲೆ ಗ್ರಾಂಟ್ ಕೊಟ್ಟರೆ ನಿಮ್ಮ ಮೊದಲ ಕಾಲುಭಾಗ ಇಪ್ಪತ್ತನೇ ತಿಂಗಳಿಗೆ ಹೋಯಿತು. "ಸೇರಿದ 30 ದಿನದೊಳಗೆ ಗ್ರಾಂಟ್" ಎಂಬ ಸಾಲನ್ನು ಆಫರ್ ಲೆಟರ್‌ಗೆ ಸೇರಿಸಿಕೊಳ್ಳಿ.

ಪ್ರಶ್ನೆ: ಈಗಿನ ಕಂಪನಿಯಲ್ಲಿ 4 ವರ್ಷ 7 ತಿಂಗಳಾಗಿದೆ, ನೋಟಿಸ್ ಅವಧಿ 90 ದಿನ. ಗ್ರಾಚ್ಯುಟಿಗಾಗಿ ಕಾಯಬೇಕೇ? ಹೊಸ ಸ್ಟಾರ್ಟಪ್‌ನಲ್ಲಿ ಪಿಎಫ್ ಇಲ್ಲವಂತೆ, ಹಳೆಯ ಪಿಎಫ್ ತೆಗೆದುಬಿಡಲೇ?
ಓದುಗರು, ದಾವಣಗೆರೆ

ಉತ್ತರ: ಗ್ರಾಚ್ಯುಟಿಗೆ ಐದು ವರ್ಷದ ಸೇವೆ ಬೇಕು, ಆದರೆ ರಾಜೀನಾಮೆಗೆ ಐದು ತಿಂಗಳು ಕಾಯಬೇಕಿಲ್ಲ, ಎರಡು ತಿಂಗಳು ಸಾಕು. ನೋಟಿಸ್ ಅವಧಿಯಲ್ಲಿ ಕೆಲಸ ಮಾಡಿದ ದಿನಗಳೂ ಸೇವೆಗೆ ಸೇರುತ್ತವೆ. ಎರಡು ತಿಂಗಳ ನಂತರ ರಾಜೀನಾಮೆ ಕೊಟ್ಟು 90 ದಿನ ಪೂರ್ತಿ ಕೆಲಸ ಮಾಡಿದರೆ ಐದು ವರ್ಷ ತುಂಬುತ್ತದೆ. ದಿನಗಳನ್ನು ಕ್ಯಾಲೆಂಡರ್ ಹಿಡಿದು ಎಣಿಸಿ, ಒಂದು ವಾರ ಹೆಚ್ಚೇ ಇರಲಿ, ನೋಟಿಸನ್ನು ಹಣ ಕೊಟ್ಟು ಮೊಟಕು ಮಾಡಬೇಡಿ. ಗ್ರಾಚ್ಯುಟಿಗೆ ಎಣಿಸುವ ಸಂಬಳ 60,000 ಆಗಿದ್ದರೆ 15ರಿಂದ ಗುಣಿಸಿ, 26ರಿಂದ ಭಾಗಿಸಿ, ಐದರಿಂದ ಗುಣಿಸಿ: ಸುಮಾರು 1.73 ಲಕ್ಷ ಬರುತ್ತದೆ. ಐದನೇ ವರ್ಷದಲ್ಲಿ 240 ದಿನವಾದರೆ ಸಾಕು ಎಂಬ ವಾದವನ್ನು ಕೋರ್ಟ್ ಒಪ್ಪಿದ್ದುಂಟು, ಆದರೆ ಬಹಳ ಕಂಪನಿಗಳು ಹಾಗೆ ಸಲೀಸಾಗಿ ಕೊಡುವುದಿಲ್ಲ. ವಕೀಲರ ಖರ್ಚಿಗಿಂತ ಎರಡು ತಿಂಗಳ ತಾಳ್ಮೆ ಅಗ್ಗ.

ಪಿಎಫ್ ತೆಗೆಯಬೇಡಿ. 20ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ ಪಿಎಫ್ ಕಡ್ಡಾಯವಲ್ಲ, ಸ್ವಂತ ಇಚ್ಛೆಯಿಂದ ನೋಂದಾಯಿಸಿಕೊಳ್ಳಬಹುದು, ಕೇಳಿ ನೋಡಿ. ಇಲ್ಲವೆಂದರೂ ಹಳೆಯ ಖಾತೆಯಲ್ಲಿ ಬಡ್ಡಿ ಸೇರುತ್ತಲೇ ಇರುತ್ತದೆ. ಕೆಲಸ ಬಿಟ್ಟ ನಂತರದ ಬಡ್ಡಿಗೆ ಮಾತ್ರ ತೆರಿಗೆಯಿದೆ. ಐದು ವರ್ಷದ ಸೇವೆ ತುಂಬದೆ ಹಣ ತೆಗೆದರೆ ತೆಗೆದ ಹಣಕ್ಕೇ ತೆರಿಗೆ ಬೀಳುತ್ತದೆ. ಹಳೆಯ ಕಂಪನಿ ನಿಮ್ಮ ಯುಎಎನ್‌ನಲ್ಲಿ (ಪಿಎಫ್‌ನ ಕಾಯಂ ಸಂಖ್ಯೆ) ಕೆಲಸ ಬಿಟ್ಟ ದಿನಾಂಕ ನಮೂದಿಸಿದೆಯೇ ನೋಡಿ. ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ನೀವೇ ಅದನ್ನು ಆನ್‌ಲೈನ್‌ನಲ್ಲಿ ತುಂಬಬಹುದು. ಪಿಎಫ್ ಜೊತೆಗೆ ಬರುವ ಗರಿಷ್ಠ 7 ಲಕ್ಷದ ಜೀವವಿಮೆಯೂ ಇಲ್ಲವಾಗುತ್ತದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ನಿಮ್ಮನ್ನು ನಂಬಿದವರಿದ್ದರೆ ಸ್ವಂತ ಟರ್ಮ್ ಪಾಲಿಸಿ ಮಾಡಿಸಿ.

ಸ್ಟಾರ್ಟಪ್ ಪಿಎಫ್ ಕಡಿತ ಮಾಡುವುದಾದರೆ ಪ್ರತಿ ತಿಂಗಳೂ ಪಾಸ್‌ಬುಕ್ ತೆರೆದು ಜಮೆಯಾಗಿದೆಯೇ ನೋಡಿ. ಹಣದ ಮುಗ್ಗಟ್ಟು ಬಂದ ಕಂಪನಿ ಸಂಬಳ ನಿಲ್ಲಿಸುವ ಮೊದಲು ಪಿಎಫ್ ಮತ್ತು ಟಿಡಿಎಸ್ (ಸಂಬಳದಲ್ಲಿ ಕಡಿತ ಮಾಡಿದ ತೆರಿಗೆ) ಕಟ್ಟುವುದನ್ನು ನಿಲ್ಲಿಸುವುದೇ ಹೆಚ್ಚು. ಎರಡು ತಿಂಗಳು ಜಮೆಯಾಗಿಲ್ಲವೆಂದರೆ ಬೇರೆ ಕೆಲಸ ಹುಡುಕಲು ಶುರುಮಾಡಿ.

ಪ್ರಶ್ನೆ: ಮಗನ ಕಂಪನಿಯ ಆರೋಗ್ಯ ವಿಮೆಯಲ್ಲಿ ನಾನು, ನನ್ನ ಪತ್ನಿ ಇಬ್ಬರೂ ಇದ್ದೇವೆ. ನನಗೆ 64, ಸಕ್ಕರೆ ಕಾಯಿಲೆ ಇದೆ. ಅವನು ಈಗ ಸಣ್ಣ ಕಂಪನಿ ಸೇರುತ್ತೇನೆ ಎನ್ನುತ್ತಿದ್ದಾನೆ. ಅಲ್ಲಿ ತಂದೆತಾಯಿಗೆ ವಿಮೆ ಇಲ್ಲ. ಅವನ ಆಸೆಗೆ ಅಡ್ಡ ಬರಲು ಮನಸ್ಸಿಲ್ಲ, ಆದರೆ ಭಯವಾಗುತ್ತದೆ.
ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಭಯ ಸರಿಯಾದ ಜಾಗದಲ್ಲೇ ಇದೆ, ಆದರೆ ಮಗನನ್ನು ತಡೆಯಬೇಕಾಗಿಲ್ಲ. ಕಂಪನಿಯ ವಿಮೆ ಸಾಮಾನ್ಯವಾಗಿ ಅವರು ಕೆಲಸ ಬಿಡುವ ದಿನವೇ ಮುಗಿಯುತ್ತದೆ. ಆದ್ದರಿಂದ ಅವರು ರಾಜೀನಾಮೆ ಕೊಡುವ ಮೊದಲೇ ನಿಮ್ಮಿಬ್ಬರಿಗೆ ಸ್ವಂತ ಪಾಲಿಸಿ ಆಗಬೇಕು. ಇರುವ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ಗರಿಷ್ಠ 36 ತಿಂಗಳು ಕಾಯಿಸಬಹುದು. ಈಗಲೇ ಮಾಡಿಸಿದರೆ ಆ ಕಾಯುವ ಅವಧಿಯ ಒಂದಷ್ಟು ಭಾಗ ಕಂಪನಿಯ ವಿಮೆ ಇರುವಾಗಲೇ ಕಳೆಯುತ್ತದೆ. ಇನ್ನೊಂದು ದಾರಿ, ಈಗಿನ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗುವುದು. ಇದರಲ್ಲಿ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಕಾಯುವ ಅವಧಿಗೆ ಜಮೆಯಾಗುತ್ತವೆ. ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ನೀವು ಮೊದಲು ಸೇರ್ಪಡೆಯಾದ ದಿನಾಂಕ ಇವನ್ನು ಮಗ ಎಚ್‌ಆರ್‌ನವರಿಂದ ಬರಹದಲ್ಲಿ ಪಡೆದು, ಕೊನೆಯ ದಿನಕ್ಕೆ ಒಂದೂವರೆ ತಿಂಗಳು ಮುಂಚೆ ಅರ್ಜಿ ಹಾಕಲಿ. ಎರಡೂ ಪ್ರಯತ್ನ ಮಾಡಿ, ಯಾವುದು ಸಿಕ್ಕಿತೋ ಅದನ್ನು ಹಿಡಿಯಿರಿ.

ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ. ಏಜೆಂಟರು "ಬರೆಯೋದು ಬೇಡ" ಎಂದರೂ ಬರೆಸಿ. ಆಸ್ಪತ್ರೆಯಲ್ಲಿರುವಾಗ ಕ್ಲೇಮು ತಿರಸ್ಕೃತವಾಗಲು ಇದೂ ಒಂದು ಕಾರಣ. ಕಂತಿನ ಹೊರೆ ನಿಮ್ಮ ವಯಸ್ಸಿಗೆ ಹೆಚ್ಚೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ ಎಂಬುದು ಸ್ವಲ್ಪ ಸಮಾಧಾನ. ಈ ಕಂತನ್ನು ಮಗ ಹೊಸ ಸಂಬಳದ ಮಾತುಕತೆಯಲ್ಲಿ ಸೇರಿಸಿ ಕೇಳುವುದು ನ್ಯಾಯ.

ಪ್ರಶ್ನೆ: ಸ್ಟಾರ್ಟಪ್‌ನವರು 30 ದಿನದಲ್ಲಿ ಬನ್ನಿ ಎನ್ನುತ್ತಾರೆ. ನನ್ನ ನೋಟಿಸ್ 90 ದಿನ. ಮೂರು ವರ್ಷದ ಬಾಂಡ್‌ನಲ್ಲಿ ಇನ್ನೂ ಹತ್ತು ತಿಂಗಳಿದೆ. ಪ್ರತಿಸ್ಪರ್ಧಿ ಕಂಪನಿಗೆ ಒಂದು ವರ್ಷ ಸೇರಬಾರದು ಎಂದೂ ಬರೆದಿದೆ.
ಓದುಗರು, ಹುಬ್ಬಳ್ಳಿ

ಉತ್ತರ: ಕಡೆಯ ಷರತ್ತಿಗೆ ಹೆದರಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯದಂತೆ ತಡೆಯುವ ಕರಾರು ಊರ್ಜಿತವಲ್ಲ. ಗೋಪ್ಯತೆಯ ಷರತ್ತು ಹಾಗಲ್ಲ, ಅದು ಆಮೇಲೂ ನಿಮ್ಮನ್ನು ಕಟ್ಟಿಹಾಕುತ್ತದೆ. ಹಳೆಯ ಕಂಪನಿಯ ಕೋಡ್, ಗ್ರಾಹಕರ ಪಟ್ಟಿ, ದರಪಟ್ಟಿ ಯಾವುದನ್ನೂ ಸ್ವಂತ ಇಮೇಲ್‌ಗೆ ಕಳುಹಿಸಿಕೊಳ್ಳಬೇಡಿ.

ಬಾಂಡ್ ವಿಷಯ ಬೇರೆ. ವಿಜಯಾ ಬ್ಯಾಂಕ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕಿನ ನೇಮಕಾತಿ ಕುರಿತದ್ದು, ಖಾಸಗಿ ಕಂಪನಿಯ ಬಾಂಡ್‌ನಲ್ಲಿ ಮೊತ್ತ ಸಮಂಜಸವೇ, ನಿಜಕ್ಕೂ ತರಬೇತಿ ಕೊಟ್ಟಿದ್ದಾರೆಯೇ ಎಂಬುದು ಮುಖ್ಯವಾಗುತ್ತದೆ. ಆದರೂ ಬಾಂಡ್‌ಗೆ ಬೆಲೆಯೇ ಇಲ್ಲ ಎಂದು ಹೇಳುವವರನ್ನು ನಂಬಬೇಡಿ. ಹತ್ತು ತಿಂಗಳಷ್ಟೇ ಉಳಿದಿರುವುದರಿಂದ ಉಳಿದ ಅವಧಿಗೆ ತಕ್ಕಂತೆ ಮೊತ್ತ ಇಳಿಸಿ ಎಂದು ಬರಹದಲ್ಲಿ ಕೇಳಿ.

ನೋಟಿಸ್ ಮೊಟಕು ಮಾಡುವ ಹಣವನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಾರೋ ಒಟ್ಟು ಸಂಬಳದ ಮೇಲೋ ನೇಮಕಾತಿ ಪತ್ರದಲ್ಲಿ ನೋಡಿ, ವ್ಯತ್ಯಾಸ ದುಪ್ಪಟ್ಟಾಗಬಹುದು. ಅದನ್ನು ಸ್ಟಾರ್ಟಪ್ ಭರಿಸುವುದಾದರೆ, ವರ್ಷದೊಳಗೆ ಅವರೇ ನಿಮ್ಮನ್ನು ತೆಗೆದರೂ ಆ ಹಣ ವಾಪಸ್ ಕೇಳುವ ಷರತ್ತು ಇದೆಯೇ ಗಮನಿಸಿ, ಇದ್ದರೆ ತೆಗೆಸಿ. ನಿರ್ದೇಶಕರ ಸಹಿ ಇರುವ ಆಫರ್ ಲೆಟರ್ ಕೈಸೇರದೆ, ಫೋನಿನ ಮಾತು ನಂಬಿ ರಾಜೀನಾಮೆ ಕೊಡಬೇಡಿ. ಹೇಳದೆ ಕೇಳದೆ ಬಿಟ್ಟುಹೋಗುವುದಂತೂ ಬೇಡವೇ ಬೇಡ. ಸ್ಟಾರ್ಟಪ್ ಮುಚ್ಚಿದರೆ ಮುಂದಿನ ದೊಡ್ಡ ಕಂಪನಿ ಮೊದಲು ಕೇಳುವುದೇ ಹಳೆಯ ರಿಲೀವಿಂಗ್ ಲೆಟರ್.

ಪ್ರಶ್ನೆ: ನಾನೀಗ ಮೂರು ತಿಂಗಳ ಗರ್ಭಿಣಿ. ಏಳು ಜನರ ಸ್ಟಾರ್ಟಪ್‌ನಿಂದ ಒಳ್ಳೆಯ ಆಫರ್ ಬಂದಿದೆ. ಹೆರಿಗೆ ರಜೆ ಸಿಗುತ್ತದೆಯೇ?
ಓದುಗರು, ಉಡುಪಿ

ಉತ್ತರ: ಕಾನೂನಿನ ಬಲದಿಂದ ಸಿಗುವುದು ಅನುಮಾನ. ಇಂಥ ಸಂಸ್ಥೆಗಳಲ್ಲಿ ಹೆರಿಗೆ ಸೌಲಭ್ಯದ ಕಾನೂನು ಅನ್ವಯವಾಗಲು ಕನಿಷ್ಠ ಹತ್ತು ನೌಕರರಿರಬೇಕು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಆ ಸಂಸ್ಥೆಯಲ್ಲಿ ನೀವು 80 ದಿನ ಕೆಲಸ ಮಾಡಿರಲೂ ಬೇಕು. ನೋಟಿಸ್ ಮುಗಿಸಿ ಆರನೇ ತಿಂಗಳಲ್ಲಿ ಸೇರಿದರೆ ಆ 80 ದಿನವೂ ಕಷ್ಟ. ಈಗಿರುವ ಕಡೆ 26 ವಾರದ ಸಂಬಳ ಸಹಿತ ರಜೆ ನಿಮ್ಮ ಹಕ್ಕು, ಕಂಪನಿಯ ವಿಮೆಯಲ್ಲಿ ಹೆರಿಗೆ ಖರ್ಚೂ ಇರಬಹುದು. ಅದನ್ನು ಬಿಟ್ಟು ಹೋಗಬೇಡಿ. ಆಫರ್ ಕೊಟ್ಟವರಿಗೆ ವಿಷಯ ಹೇಳಿ, ಸೇರುವ ದಿನ ಮುಂದೂಡಲು ಕೇಳಿ. ನಿಮ್ಮ ಕೆಲಸ ಅವರಿಗೆ ನಿಜಕ್ಕೂ ಬೇಕಿದ್ದರೆ ಕಾಯುತ್ತಾರೆ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಸ್ಟಾರ್ಟಪ್ ಸೇರಿದೆ. ಅಲ್ಲಿ ತೆರಿಗೆ ಕಡಿತವೇ ಆಗುತ್ತಿಲ್ಲ. ಒಳ್ಳೆಯದೇ ಅಲ್ಲವೇ?
ಓದುಗರು, ತುಮಕೂರು

ಉತ್ತರ: ಅಲ್ಲ, ಬಾಕಿ ಬೆಳೆಯುತ್ತಿದೆ. ಹೊಸ ಕಂಪನಿಗೆ ನಿಮ್ಮ ಆರು ತಿಂಗಳ ಸಂಬಳವಷ್ಟೇ ಕಾಣುತ್ತದೆ. ಹಳೆಯ ಕಡೆ 9 ಲಕ್ಷ, ಇಲ್ಲಿ 6 ಲಕ್ಷ ಎಂದುಕೊಳ್ಳಿ. ಬೇರೆಬೇರೆಯಾಗಿ ನೋಡಿದರೆ ಎರಡೂ 12 ಲಕ್ಷದವರೆಗೆ ತೆರಿಗೆ ಬೀಳದ ರಿಯಾಯಿತಿಯೊಳಗೆ ಇವೆ. ಒಟ್ಟು 15 ಲಕ್ಷಕ್ಕೆ ಹೊಸ ಪದ್ಧತಿಯ 2025-26ರ ದರದಲ್ಲಿ, 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ, ಸೆಸ್ ಸೇರಿ ತೆರಿಗೆ 97,500 ರೂಪಾಯಿ. ಹಳೆಯ ಕಂಪನಿ ಕಡಿತ ಮಾಡಿದ್ದನ್ನು ಇದರಲ್ಲಿ ಕಳೆದು, ಉಳಿದದ್ದನ್ನು ರಿಟರ್ನ್ಸ್ ಸಲ್ಲಿಸುವಾಗ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ಹಳೆಯ ಸಂಬಳ ಮತ್ತು ಕಡಿತದ ವಿವರವನ್ನು ಈ ತಿಂಗಳೇ ಹೊಸ ಕಂಪನಿಯ ಲೆಕ್ಕದವರಿಗೆ ಬರೆದುಕೊಡಿ. ಮಾರ್ಚ್‌ವರೆಗಿನ ಸಂಬಳದಲ್ಲಿ ಸಮನಾಗಿ ಹಂಚಿ ಕಡಿತ ಮಾಡುತ್ತಾರೆ. ಅವರು ಮಾಡದಿದ್ದರೆ ನೀವೇ ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಿ.